ಐವತ್ತೆಂಟು

ಸುದ್ದಿ ಬರೆಯುವ ಪಾಳಿ ಈ ತಿಂಗಳು ನನ್ನದು.
ಬೆಳಗಿನ ಪ್ರಾರ್ಥನೆಗೆ ಮುಂಚೆ
ಕಾಲು ಮುರಿದ ಕರಿಹಲಗೆಗೆ ಇಟ್ಟಿಗೆ ಒತ್ತುಕೊಟ್ಟು
ಮೇಲೆ ತಾರೀಖು, ಕೆಳಗೊಂದು ಗಾದೆ,
ನಡುವೆ ನಮ್ಮ ಹಾಸ್ಟೆಲ್ಲಿನ ಸಮಾಚಾರ.
ಐದು ಸಾಲು ಮೀರಬಾರದು ಅಂದಿದ್ದಾರೆ ವಾರ್ಡನ್ ಓಂಕಾರಪ್ಪನವರು,
ಸೀಮೆಸುಣ್ಣಕ್ಕೂ ಲೆಕ್ಕ ಕೊಡಬೇಕಂತೆ ಮೇಲಿನವರಿಗೆ.

ಸೋಮವಾರ: ಖೋಖೋದಲ್ಲಿ ಬಾಣಾವರದವರ ಮೇಲೆ ಮೂರು ಅಂಕದ ಗೆಲುವು.
ಸೇವ್ಯಾ ನಾಯ್ಕ ಕಂಬ ಹಿಡಿದು ತಿರುಗಿದ ಆ ತಿರುವು
ಐದು ಸಾಲಿಗೆ ಸಿಗುವಂಥದಲ್ಲ.
ಅಂಗೈ ಸುಲಿದದ್ದು ಅವನಿಗೇ ಗೊತ್ತಾದದ್ದು
ರಾತ್ರಿ, ಬಿಸಿ ಸಾರಿಗೆ ಮುದ್ದೆ ಅದ್ದಿದಾಗ.
ಗೆದ್ದ ಕಪ್ಪಿಗೆ ಒಂದೇ ಹಿಡಿಕೆ.
ಇನ್ನೊಂದು ಬಾಣಾವರದವರ ಹತ್ತಿರವೇ ಇದೆ ಅನ್ನುತ್ತಾನೆ.

ಮಂಗಳವಾರ: ಬೋರಿನ ಮೋಟಾರು ಸುಟ್ಟಿದೆ. ಸ್ನಾನ ಇಲ್ಲ.
ತಲೆಗೆ ಒಂದು ಬಕೆಟ್, ಟ್ಯಾಂಕರ್ ಬಂದರೆ.
ಗಾದೆ: ಕೈ ಕೆಸರಾದರೆ ಬಾಯಿ ಮೊಸರು.
ಮಧ್ಯಾಹ್ನದೊಳಗೆ ಯಾರೋ ಕೆಳಗೆ ಬರೆದಿದ್ದರು,
ಕೈ ತೊಳೆಯೋದು ಯಾವಾಗ?

ಬುಧವಾರ: ಏಳನೇ ರೂಮಿನ ಆರು ಜನಕ್ಕೆ ಮಂಗನಬಾವು.
ಕೆನ್ನೆಗೆ ಬಟ್ಟೆಯ ನೀಲಿ ಬಳಿದುಕೊಂಡು
ಆರೂ ಜನ ಒಂದೇ ತಾಯಿಯ ಮಕ್ಕಳಂತೆ ಕೂತಿದ್ದಾರೆ ಜಗಲಿಯಲ್ಲಿ.
ಅಡುಗೆಯ ಗಿರಿಯಮ್ಮ ಅವರಿಗೆ ಗಂಜಿ ಹುಯ್ಯುತ್ತ
ಯಾರು ಯಾರೆಂದು ತಿಳಿಯದೆ
ಒಬ್ಬನಿಗೇ ಎರಡು ಸಲ ಹುಯ್ದಳು. ಅವನು ಸುಮ್ಮನಿದ್ದ.

ಹಾಜರಿ ನೂರ ಹನ್ನೆರಡು. ಹಾಲೇಶನೂ ಸೇರಿ.
ಹೆಸರು ಕೂಗಿದರೆ ಕೈ ಎತ್ತುತ್ತಾನೆ, ಬಾಯಿ ಬಿಡುವುದಿಲ್ಲ.
ಆರನೇ ಕ್ಲಾಸು, ಜಾವಗಲ್ ಕಡೆಯವನು,
ಚಿಕ್ಕಪ್ಪ ಬಿಟ್ಟುಹೋಗಿ ಹತ್ತೊಂಬತ್ತು ದಿನ.
ಟ್ರಂಕಿಗೆ ಬೀಗವಿಲ್ಲ, ಲಾಡಿ ಬಿಗಿದಿದ್ದಾನೆ.
ಮೂಗ ಅಂದರು ಮೊದಮೊದಲು.
ಒಂದು ರಾತ್ರಿ ನಿದ್ದೆಗಣ್ಣಲ್ಲಿ
ಕೆಂದೀ, ಬಾರೇ, ಅಂತ ಹಸುವನ್ನು ಕರೆದ ಮೇಲೆ
ಅನ್ನುವುದನ್ನು ಬಿಟ್ಟರು.

ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಒಂಬತ್ತನೆಯ ಮುಜಮ್ಮಿಲ್ ಎದ್ದು
ಹಾಲೇಶನ ಒದ್ದೆ ಜಮಖಾನ ಸುತ್ತಿಕೊಂಡು
ಟ್ಯಾಂಕಿನ ಹಿಂದಕ್ಕೆ ಹೋಗುತ್ತಾನೆ.
ನೀರಿಲ್ಲದ ಈ ದಿನಗಳಲ್ಲೂ
ಅವನ ಪಾಲಿನ ಅರ್ಧ ಬಕೆಟ್ ಅದಕ್ಕೇ.
ಕೇಳಿದವರಿಗೆ ಹೇಳಲು ಒಂದು ಸುಳ್ಳು ಸಿದ್ಧ: ಬೆಕ್ಕು ಸಾರ್.
ಹಾಸ್ಟೆಲ್ಲಿನಲ್ಲಿ ಬೆಕ್ಕೇ ಇಲ್ಲ. ಯಾರೂ ಕೇಳಿಯೂ ಇಲ್ಲ.

ಗುರುವಾರ: ಅರಸೀಕೆರೆಯಲ್ಲಿ ಬಿಸಿಲು ಜೋರು. ಬಟ್ಟೆ ಬೇಗ ಒಣಗುತ್ತಿವೆ.

ಶುಕ್ರವಾರ ಸಂಜೆ ಆಟದ ಹೊತ್ತು
ಹಿಂದಿನ ಕಾಂಪೌಂಡಿನ ಮೇಲೆ ನಾವು ಮೂವರು.
ಕಡೂರಿನ ಕಡೆಯಿಂದ ಅದಿರಿನ ಗೂಡ್ಸು ಬಂತು,
ಜಂಕ್ಷನ್ನಿನ ಹೊರಗೆ ಯೋಚಿಸುತ್ತ ಸ್ವಲ್ಪ ನಿಂತು
ಹಾಸನದ ಹಳಿಗೆ ಹೊರಳಿತು.
ಕಾಲಡಿಯ ಗೋಡೆ ಗದಗದ ನಡುಗಿ
ಹಲ್ಲಿಗೂ ಕೆಂಪು ಧೂಳು.
ಹಾಲೇಶನ ತುಟಿ ಅಲುಗುತ್ತಿತ್ತು.
ಕೊನೆಯ ಡಬ್ಬಿಯೂ ಹೋಗಿ
ಸದ್ದು ಹಳಿಯೊಳಗೆ ಮಾತ್ರ ಉಳಿದಿದ್ದಾಗ ಹೇಳಿದ:
ಐವತ್ತೆಂಟು.

ನನಗೆ ಗೋಡೆಯಿಂದ ಬೀಳುವಂತಾಯಿತು.
ಮುಜಮ್ಮಿಲ್ಲನಿಗೆ ಏನೂ ಆಗಲಿಲ್ಲ.
ಐವತ್ತೊಂಬತ್ತು ಕಣೋ, ಅಂದ,
ಗಾರ್ಡಿನ ಡಬ್ಬಿ ಯಾರು ಎಣಿಸ್ತಾರೆ, ನಿಮ್ಮಜ್ಜನಾ?
ಅದ್ರಲ್ಲಿ ಸಾಮಾನಿರಲ್ಲ, ಅಂದ ಹಾಲೇಶ.
ಮನ್ಷ ಇರ್ತಾನೆ.
ಮನ್ಷನ್ನ ಸಾಮಾನಿನ್ ಜೊತೆ ಎಣಿಸ್ಬಾರ್ದು.
ಗೋಡೆ ಇಳಿದು ಊಟದ ತಟ್ಟೆ ತರಲು ಓಡಿದ.

ಶನಿವಾರ ಐದು ಸಾಲಿನ ಜಾಗದಲ್ಲಿ
ದೊಡ್ಡದಾಗಿ ಒಂದೇ ಪದ ಬರೆದೆ, ಇಡೀ ಸೀಮೆಸುಣ್ಣ ಸವೆಸಿ.
ಓಂಕಾರಪ್ಪನವರು ಕನ್ನಡಕ ಹಣೆಗೇರಿಸಿ
ಏನೋ ಇದು, ಯಾರ ಮಾರ್ಕ್ಸು? ಅಂದರು.
ಸುದ್ದಿ ಸಾರ್.
ತುಸು ಹೊತ್ತು ನೋಡಿದರು.
ಗಾದೆ ಎಲ್ಲಿ? ಅಂದರು.

ಆಮೇಲೆ ಹಾಜರಿ.
ಹಾಲೇಶ, ಅಂದಾಗ ಎಂದಿನಂತೆ ಕೈ ಮಾತ್ರ ಮೇಲೆ ಬಂತು.
ನಮ್ಮ ಸಾಲಿನಿಂದ ಮುಜಮ್ಮಿಲ್
ಸೊಂಟದ ಮರೆಯಲ್ಲಿ ಐದು ಬೆರಳು ತೋರಿಸಿದ, ಆಮೇಲೆ ಒಂಬತ್ತು.
ಆರನೆಯ ಸಾಲಿನಿಂದ
ಇಳಿಸಿದ ಕೈಯಲ್ಲಿ ಐದು,
ಸ್ವಲ್ಪ ತಡೆದು
ಎಂಟು.